ಪರದೆಯ ಕೆಳಗಿನ ಪಟ್ಟಿ

ಶಿವಮೊಗ್ಗ ಜಿಲ್ಲೆಯ ಸಾಗರದ ಒಂದು ಸ್ಥಳೀಯ ಕೇಬಲ್ ಚಾನೆಲ್‌ಗೆ ನಾನು ಕೆಲಸಕ್ಕೆ ಸೇರಿದ್ದು 2001ರ ಮಳೆಗಾಲದಲ್ಲಿ. ಆಗಷ್ಟೇ ಪದವಿ ಮುಗಿದಿತ್ತು. ಕಾಲೇಜಿನ ಭಾಷಣ ಸ್ಪರ್ಧೆಗಳಲ್ಲಿ ಗೆದ್ದ ಒಂದೆರಡು ಬಹುಮಾನಗಳ ಧೈರ್ಯದಿಂದ, ವಾರ್ತೆ ಓದುವ ಕೆಲಸ ಸಿಕ್ಕೀತೆಂದು ನಂಬಿ, ಪೇಟೆಯ ಅಂಗಡಿ ಸಾಲೊಂದರ ಮೇಲಂತಸ್ತಿನಲ್ಲಿದ್ದ ಕಂಟ್ರೋಲ್ ರೂಮಿನ ಮೆಟ್ಟಿಲು ಹತ್ತಿದ್ದೆ. ಯಜಮಾನರು ನನ್ನ ಧ್ವನಿಯನ್ನು ಪರೀಕ್ಷಿಸಲೇ ಇಲ್ಲ. "ಕನ್ನಡ ಟೈಪಿಂಗ್ ಬರ್ತದಾ?" ಎಂದು ಕೇಳಿದರು. ಬರುವುದಿಲ್ಲವೆಂದೆ. "ಹಾಗಾದ್ರೆ ಕಲ್ತ್ಕೋ. ವಾರ್ತೆ ಓದೋಕೆ ಹತ್ತು ಜನ ಸಿಗ್ತಾರೆ ಮಾರಾಯ, ಸ್ಕ್ರೋಲ್ ಹಾಕೋಕೆ ಯಾರೂ ಇಲ್ಲ" ಎಂದರು. ಅದು ನನಗೆ ಅವಮಾನದಂತೆ ಕಂಡಿತ್ತು. ಪರದೆಯ ಕೆಳಭಾಗದಲ್ಲಿ ಬಲದಿಂದ ಎಡಕ್ಕೆ ಸಾಗುವ ಎರಡು ಬೆರಳಗಲದ ಆ ಪಟ್ಟಿಯೇ ಚಾನೆಲ್‌ನ ಜೀವವೆಂದೂ, ಉಳಿದ ಕಾರ್ಯಕ್ರಮಗಳೆಲ್ಲ ಅದರ ಮೇಲೆ ಕಟ್ಟಿದ ಚಪ್ಪರವೆಂದೂ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಚಾನೆಲ್ ಹುಟ್ಟಿದ ಕಥೆಯನ್ನು ಯಜಮಾನರ ಬಾಯಿಂದಲೇ ತುಂಡು ತುಂಡಾಗಿ ಕೇಳಿದ್ದೇನೆ. ಎಂಬತ್ತರ ದಶಕದ ಕೊನೆಯಲ್ಲಿ ಅವರದು ವಿ.ಸಿ.ಆರ್. ಬಾಡಿಗೆಯ ಅಂಗಡಿ. ಒಂದು ಯಂತ್ರವನ್ನು ಮನೆಯಿಂದ ಮನೆಗೆ ಹೊತ್ತು ಸಾಗಿಸುವ ಬದಲು, ಅಂಗಡಿಯಲ್ಲಿಯೇ ಇಟ್ಟು, ಅಲ್ಲಿಂದ ಅಕ್ಕಪಕ್ಕದ ಹದಿನೈದಿಪ್ಪತ್ತು ಮನೆಗಳಿಗೆ ತಂತಿ ಎಳೆದು ರಾತ್ರಿ ಒಂದು ಸಿನಿಮಾ ಹಾಕಿದರೆ ಎಲ್ಲರಿಂದಲೂ ತಿಂಗಳಿಗಿಷ್ಟು ಎಂದು ವಸೂಲು ಮಾಡಬಹುದೆಂಬ ಉಪಾಯ ಹೊಳೆಯಿತಂತೆ. ದೇಶದ ಬಹುತೇಕ ಊರುಗಳಲ್ಲಿ ಕೇಬಲ್ ಹುಟ್ಟಿದ್ದು ಹೀಗೆಯೇ. 1991ರಲ್ಲಿ ಕೊಲ್ಲಿ ಯುದ್ಧದ ಚಿತ್ರಗಳು ಉಪಗ್ರಹದ ಮೂಲಕ ಮನೆಮನೆಗೆ ಬಂದ ಮೇಲೆ ಡಿಶ್ ಕೊಳ್ಳುವ ಹುಚ್ಚು ಹತ್ತಿತು. 1994ರಲ್ಲಿ ಉದಯ ಟಿ.ವಿ. ಶುರುವಾದ ನಂತರ, ಇಂಗ್ಲಿಷು ಹಿಂದಿಗಳ ಗೊಡವೆಯಿಲ್ಲದ ಮನೆಗಳೂ ಸಂಪರ್ಕ ಕೇಳಿಕೊಂಡು ಬಂದವು. ಮರುವರ್ಷವೇ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯಿದೆ ಬಂದು, ಅದುವರೆಗೆ ಹೇಳುವವರು ಕೇಳುವವರಿಲ್ಲದೆ ನಡೆದಿದ್ದ ಈ ವ್ಯಾಪಾರಕ್ಕೆ ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕೆಂಬ ನಿಯಮವಾಯಿತು. ಟಿ.ವಿ. ನಡೆಸುವವನು ಅಂಚೆ ಕಚೇರಿಗೆ ಯಾಕೆ ಹೋಗಬೇಕೆಂದು ನಾನು ಬಹಳ ದಿನ ಯೋಚಿಸಿದ್ದುಂಟು. ಪ್ರತಿ ವರ್ಷ ನವೀಕರಣದ ಸಮಯದಲ್ಲಿ ಅರ್ಜಿ ಹಿಡಿದು, ಮನಿಯಾರ್ಡರ್ ಕಟ್ಟುವವರ ಸಾಲಿನಲ್ಲಿ ನಿಲ್ಲುತ್ತಿದ್ದವನು ನಾನೇ.

ಸ್ವಂತ ಚಾನೆಲ್ ಆರಂಭವಾದದ್ದು 1998ರಲ್ಲಿ, ಅದೂ ಬಹುಮಟ್ಟಿಗೆ ತಂತಿಯ ಗುಣದಿಂದಾಗಿ. ಕೊಏಕ್ಸಿಯಲ್ ತಂತಿಯಲ್ಲಿ ಆವರ್ತನ ಹೆಚ್ಚಿದಷ್ಟೂ ಸಂಕೇತ ಬೇಗ ಸೊರಗುತ್ತದೆ. ದಾರಿಯುದ್ದಕ್ಕೂ ಕಂಬಗಳ ಮೇಲೆ ಆಂಪ್ಲಿಫೈಯರ್ ಕೂರಿಸಿ ಅದನ್ನು ಮತ್ತೆ ಮತ್ತೆ ಎತ್ತಬೇಕು. ಪ್ರತಿ ಸಲ ಎತ್ತುವಾಗಲೂ ಒಂದಿಷ್ಟು ಗದ್ದಲ ಸೇರಿಕೊಳ್ಳುತ್ತದೆ. ಹೀಗಾಗಿ ಸಾಲಿನ ಕೊನೆಯ ಮನೆಗಳಲ್ಲಿ ಮೇಲಿನ ಆವರ್ತನದ ಚಾನೆಲ್‌ಗಳು ಹಿಮ ಸುರಿದಂತೆ ಕಾಣುತ್ತಿದ್ದರೆ, ಕೆಳಗಿನ ಆವರ್ತನದವು ನಿಚ್ಚಳವಾಗಿರುತ್ತಿದ್ದವು. ಅತ್ಯಂತ ಕೆಳಗಿನ ಜಾಗವೊಂದು ಖಾಲಿ ಇತ್ತು. ಅದರಲ್ಲಿ ಸಿನಿಮಾ ಕ್ಯಾಸೆಟ್ ಹಾಕಿದರೆ ಹಕ್ಕಿನ ತಕರಾರು ಬರುತ್ತದೆಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಯಜಮಾನರು ಅಲ್ಲಿ ಊರಿನ ಸುದ್ದಿಯನ್ನು ಇಟ್ಟರು. ತೋಟದ ತುದಿಯ ಮನೆಯ ಹಳೆಯ ಟಿ.ವಿ.ಯಲ್ಲೂ ಬೇರೇನು ಕಾಣದಿದ್ದರೂ ನಮ್ಮ ಚಾನೆಲ್ ಕಾಣುತ್ತಿತ್ತು. ಜನ ಅದನ್ನು ನಮ್ಮ ಶ್ರದ್ಧೆಯೆಂದು ಹೊಗಳುತ್ತಿದ್ದರು. ನಾವೂ ತಿದ್ದಲು ಹೋಗಲಿಲ್ಲ.

ನನ್ನ ಮೊದಲ ಆರು ತಿಂಗಳು ಕಳೆದದ್ದು ಕನ್ನಡ ಅಕ್ಷರಗಳೊಡನೆ ಗುದ್ದಾಡುವುದರಲ್ಲಿ. ಸ್ಕ್ರೋಲ್ ಓಡಿಸುವ ತಂತ್ರಾಂಶಕ್ಕೆ ಕನ್ನಡವೆಂಬ ಭಾಷೆ ಇರುವುದೇ ತಿಳಿದಿರಲಿಲ್ಲ. 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಮುಂದೆ 'ನುಡಿ' ಎಂಬುದರಲ್ಲಿ, ಬೇರೆಡೆ ಟೈಪ್ ಮಾಡಿ, ಅಲ್ಲಿಂದ ಎತ್ತಿ ಇಲ್ಲಿ ಅಂಟಿಸಿ, ಫಾಂಟ್ ಬದಲಿಸಿದರೆ ಮಾತ್ರ ಅದು ಓದುವಂತಾಗುತ್ತಿತ್ತು. ಇಷ್ಟಾದರೂ ತೊಂದರೆ ಮುಗಿಯುತ್ತಿರಲಿಲ್ಲ. ಆ ಕಾಲದ ಗಾಜಿನ ಕೊಳವೆಯ ಟಿ.ವಿ.ಗಳು ಚಿತ್ರದ ನಾಲ್ಕೂ ಅಂಚುಗಳನ್ನು ಚೌಕಟ್ಟಿನ ಹಿಂದೆ ಸ್ವಲ್ಪ ನುಂಗಿಬಿಡುತ್ತಿದ್ದವು. ಯಾವ ಕಂಪನಿಯ ಪೆಟ್ಟಿಗೆ ಎಷ್ಟು ನುಂಗುತ್ತದೆಂಬುದಕ್ಕೆ ಲೆಕ್ಕವಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಇದರಿಂದ ಅಂಥ ನಷ್ಟವಿಲ್ಲ. ಕನ್ನಡದ ಒತ್ತಕ್ಷರಗಳು ಇರುವುದೇ ಕೆಳಗೆ. ಕಂಟ್ರೋಲ್ ರೂಮಿನ ಮಾನಿಟರಿನಲ್ಲಿ "ರಕ್ತ ಬೇಕಾಗಿದೆ" ಎಂದು ಸ್ಪಷ್ಟವಾಗಿ ಹೋದದ್ದು ಕೆಲವು ಮನೆಗಳಲ್ಲಿ "ರಕ ಬೇಕಾಗಿದೆ" ಎಂದು ಕಾಣುತ್ತಿತ್ತು. ಒಬ್ಬ ಮೇಷ್ಟ್ರು ದಿನಾ ಸಂಜೆ ಫೋನ್ ಮಾಡಿ ಆ ದಿನ ಬಿದ್ದುಹೋದ ಒತ್ತುಗಳ ಪಟ್ಟಿ ಒಪ್ಪಿಸುತ್ತಿದ್ದರು. ಅವರ ಕಾಟ ತಾಳಲಾರದೆ ಪಟ್ಟಿಯನ್ನು ಪರದೆಯಲ್ಲಿ ಒಂದು ಸಾಲಿನಷ್ಟು ಮೇಲಕ್ಕೆತ್ತಿದೆ. ಸಣಕಲು ಅಕ್ಷರಗಳು ನಡುಗುವುದು ಇನ್ನೊಂದು ಕಾಟ. ಟಿ.ವಿ. ಚಿತ್ರವನ್ನು ಬೆಸ ಗೆರೆ ಒಮ್ಮೆ, ಸಮ ಗೆರೆ ಒಮ್ಮೆ ಎಂದು ಎರಡು ಕಂತುಗಳಲ್ಲಿ ಬರೆಯುವುದರಿಂದ, ಒಂದೇ ಗೆರೆಯಷ್ಟು ತೆಳುವಾದ ಅಕ್ಷರದ ಬಾಲ ಒಂದು ಕಂತಿನಲ್ಲಿದ್ದು ಮುಂದಿನದರಲ್ಲಿ ಮಾಯವಾಗುತ್ತದೆ. ದಪ್ಪ ಅಕ್ಷರ, ಹಳದಿ ಬಣ್ಣ, ಕಡುನೀಲಿ ಹಿನ್ನೆಲೆ ಎಂಬಲ್ಲಿಗೆ ಬಂದು ನಿಂತ ಮೇಲೆ ಮುಂದಿನ ಹದಿನೈದು ವರ್ಷ ಅದನ್ನು ಬದಲಿಸಲಿಲ್ಲ.

ಪಟ್ಟಿಯಲ್ಲಿ ಏನೇನಿರುತ್ತಿತ್ತು ಎಂದರೆ, ಮೊದಲ ಸ್ಥಾನ ಅಡಿಕೆಯದು. ಎ.ಪಿ.ಎಂ.ಸಿ.ಯಲ್ಲಿ ವ್ಯಾಪಾರ ನಡೆದ ದಿನ ರಾಶಿ, ಚಾಲಿ, ಕೆಂಪುಗೋಟು, ಬಿಳಿಗೋಟು, ಸಿಪ್ಪೆಗೋಟು, ಕೋಕ ಎಂದು ಬಗೆಬಗೆಯ ದರಗಳು, ಪ್ರತಿಯೊಂದಕ್ಕೂ ಕನಿಷ್ಠ ಗರಿಷ್ಠ ಸಹಿತ ಸಾಗುತ್ತಿದ್ದವು. ವೇಗ ಸ್ವಲ್ಪ ಹೆಚ್ಚಾದರೂ ದೂರವಾಣಿ ಹೊಡೆದುಕೊಳ್ಳುತ್ತಿತ್ತು. "ಮಾರಾಯ್ರೇ, ಕನ್ನಡಕ ಹಾಕ್ಕೊಳೋದ್ರೊಳಗೆ ಕೋಕ ಓಡಿಹೋಯ್ತು, ಇನ್ನೊಂದ್ಸಲ ಬಿಡಿ" ಎಂದು ಒಬ್ಬ ಹಿರಿಯರು ಬೇಡಿಕೊಂಡದ್ದು ನೆನಪಿದೆ. ಮಳೆಗಾಲದಲ್ಲಿ ಲಿಂಗನಮಕ್ಕಿಯ ನೀರಿನ ಮಟ್ಟ ಎರಡನೆಯ ಸ್ಥಾನಕ್ಕೆ ಬರುತ್ತಿತ್ತು. ಗರಿಷ್ಠ 1819 ಅಡಿ, ಇಂದು ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು. ಹೊರಗಿನವರಿಗೆ ಅದು ಬರಿಯ ಸಂಖ್ಯೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಮನೆ, ತೋಟ, ಗದ್ದೆಗಳನ್ನು ಶರಾವತಿಯ ಹಿನ್ನೀರಿಗೆ ಬಿಟ್ಟು ಬಂದವರ ಮನೆಗಳಲ್ಲಿ ಅದನ್ನು ನೋಡುವ ರೀತಿಯೇ ಬೇರೆ. ಯಾವ ಮಟ್ಟಕ್ಕೆ ಯಾವ ಗುಡ್ಡದ ಬುಡ ಮುಳುಗುತ್ತದೆಂದು ಅವರು ಬಾಯಲ್ಲೇ ಹೇಳುತ್ತಿದ್ದರು. ಬೇಸಿಗೆಯಲ್ಲಿ ಅದೇ ನೀರು ಇಳಿದಾಗ, ಸಿಗಂದೂರಿಗೆ ಹೋಗುವ ಅಂಬಾರಗೋಡ್ಲು ದಡದ ಲಾಂಚಿನಲ್ಲಿ ವಾಹನ ಹಾಕುತ್ತಾರೋ ಇಲ್ಲವೋ ಎಂಬ ಸುದ್ದಿ ಪಟ್ಟಿಗೆ ಬರುತ್ತಿತ್ತು. ವಿಚಿತ್ರವೆಂದರೆ ನಮ್ಮ ತಂತಿ ಆ ಹಿನ್ನೀರನ್ನು ದಾಟಿರಲೇ ಇಲ್ಲ. ತುಮರಿ ಕಡೆಯವರು ಪೇಟೆಯಲ್ಲಿರುವ ನೆಂಟರಿಗೆ ಫೋನ್ ಮಾಡಿ, ನೆಂಟರು ನಮ್ಮ ಚಾನೆಲ್ ನೋಡಿ, ಲಾಂಚಿನ ಸಮಾಚಾರ ಲಾಂಚಿನ ದಡದವರಿಗೇ ಮುಟ್ಟುತ್ತಿತ್ತು. ಅಲ್ಲಿ ಸೇತುವೆಯೊಂದು ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಆ ಹೊತ್ತಿಗೆ ಪಟ್ಟಿ ಇರಲಿಲ್ಲ.

ಮೆಸ್ಕಾಂನವರ ವಿದ್ಯುತ್ ನಿಲುಗಡೆ, ಯಾವ ವಾರ್ಡಿಗೆ ನೀರು ಯಾವಾಗ, ಕಳೆದುಹೋದ ಕೀಲಿ ಗೊಂಚಲು, ತಪ್ಪಿಸಿಕೊಂಡ ಎಮ್ಮೆ, ಬಾಡಿಗೆಗೆ ಮನೆ, ಶವಸಂಸ್ಕಾರದ ಸಮಯ. ಇವುಗಳಲ್ಲಿ ಹಣ ಕೊಡುವವರದೂ ಇತ್ತು, ಕೊಡದವರದೂ ಇತ್ತು. ರಕ್ತಕ್ಕೂ ಸಾವಿಗೂ ಹಣ ತೆಗೆದುಕೊಳ್ಳಬಾರದೆಂಬುದು ಯಜಮಾನರ ಕಟ್ಟುನಿಟ್ಟು.

ನಾನು ಮಾಡಿದ ದೊಡ್ಡ ತಪ್ಪು ಸೇರಿದ ಮರುವರ್ಷದ್ದು. ಸಂಜೆ ವಿದ್ಯುತ್ ಹೋಗಿ ಬಂದು ಕಂಪ್ಯೂಟರ್ ಮತ್ತೆ ಶುರುವಾದಾಗ, ಅವಸರದಲ್ಲಿ ರಾಶಿಯ ದರವನ್ನು ಚಾಲಿಯ ಮುಂದೆಯೂ ಚಾಲಿಯದನ್ನು ರಾಶಿಯ ಮುಂದೆಯೂ ಹಾಕಿ ಮನೆಗೆ ಹೋದೆ. ರಾತ್ರಿಯಿಡೀ ಅದೇ ಓಡಿತು. ಬೆಳಿಗ್ಗೆ ಒಬ್ಬ ಬೆಳೆಗಾರರು ಜೀಪಿನಲ್ಲಿ ಚಾಲಿ ಮೂಟೆಗಳನ್ನು ಹೇರಿಕೊಂಡು ಪೇಟೆಗೆ ಬಂದು, ಮಂಡಿಯಲ್ಲಿ ನಿಜ ತಿಳಿದು, ನೇರವಾಗಿ ನಮ್ಮ ಮೆಟ್ಟಿಲು ಹತ್ತಿದರು. ಬೈಯುತ್ತಾರೆಂದು ಕಾದು ನಿಂತೆ. ಅವರು ಕುರ್ಚಿಯಲ್ಲಿ ಕೂತು, ನೀರು ಕುಡಿದು, ಜೀಪಿನ ಬಾಡಿಗೆ ಎಷ್ಟಾಯಿತೆಂದು ಮಾತ್ರ ಹೇಳಿದರು. ಅದನ್ನು ನನ್ನ ಸಂಬಳದಿಂದ ಕೊಡಿಸಿದ ಯಜಮಾನರು, ಅಂದಿನಿಂದ ದರಗಳನ್ನು ಇಬ್ಬರು ಓದಿ ತಾಳೆ ನೋಡಿದ ಮೇಲೆಯೇ ಬಿಡಬೇಕೆಂದು ಗೋಡೆಗೆ ಬರೆದು ಅಂಟಿಸಿದರು.

ಅದಕ್ಕಿಂತ ಕಷ್ಟದ್ದು ಸಾವಿನ ಸುದ್ದಿ. ಒಮ್ಮೆ ಯಾರೋ ದೂರವಾಣಿಯಲ್ಲಿ ಅಳುಧ್ವನಿಯಲ್ಲಿ ಹೇಳಿದ್ದನ್ನು ನಂಬಿ ಹಾಕಿಬಿಟ್ಟೆವು. ಆ ಮನುಷ್ಯ ಮನೆಯ ಜಗಲಿಯಲ್ಲಿ ಕೂತು ತನ್ನದೇ ಅಂತ್ಯಕ್ರಿಯೆಯ ಸಮಯವನ್ನು ಓದಿದರಂತೆ. ಜಾಗದ ತಕರಾರಿನ ಸೇಡು ಅದೆಂದು ಆಮೇಲೆ ತಿಳಿಯಿತು. ಅಲ್ಲಿಂದ ಮುಂದೆ ಬರೆದ ಚೀಟಿ, ಸಹಿ, ತಂದುಕೊಟ್ಟವರ ವಿಳಾಸ ಇಲ್ಲದೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕಾಯಿದೆಯ ಪ್ರಕಾರ ಪ್ರಸಾರವಾದ ಕಾರ್ಯಕ್ರಮಗಳ ರಿಜಿಸ್ಟರ್ ಬರೆದು ಒಂದು ವರ್ಷ ಕಾಪಾಡಬೇಕಿತ್ತು. ಬಹಳ ಕಡೆ ಅದು ತಪಾಸಣೆಯ ಹಿಂದಿನ ರಾತ್ರಿ ತುಂಬುವ ಪುಸ್ತಕ. ನಾವು ಅದಕ್ಕೆ ಪಟ್ಟಿಯ ಚೀಟಿಗಳನ್ನೂ ದಿನಾಂಕವಾರು ಅಂಟಿಸತೊಡಗಿದೆವು. ಹಾಗೆ ಅಂಟಿಸಿದ ದಪ್ಪ ಪುಸ್ತಕಗಳಲ್ಲಿ ಎರಡು ಇಂದಿಗೂ ನನ್ನ ಬಳಿ ಇವೆ. ಯಾವ ಓಣಿಯಲ್ಲಿ ಯಾವ ಕಾಲಕ್ಕೆ ಬಾಡಿಗೆ ಎಷ್ಟಿತ್ತೆಂದು ಅದರಿಂದ ಹೇಳಬಹುದು.

ಪಟ್ಟಿಯ ಮೇಲಿನ ಚಪ್ಪರವನ್ನೂ ಹೇಳಬೇಕು. ಸಂಜೆ ಏಳೂವರೆಗೆ ಅರ್ಧ ಗಂಟೆ ವಾರ್ತೆ. ಅದೇ ಬೆಳಿಗ್ಗೆ ಮರುಪ್ರಸಾರ. ನಗರಾಡಳಿತದ ಸಭೆ, ಶಾಲಾ ವಾರ್ಷಿಕೋತ್ಸವ, ಸಂಘದ ಉದ್ಘಾಟನೆ, ಒಂದೊಂದು ಅಪಘಾತ. ವಾರ್ತೆ ಓದುವ ನನ್ನ ಆಸೆಯೂ ಕೆಲಕಾಲ ಈಡೇರಿತು. ದೀಪದ ಬಿಸಿಗೆ ಅಂಗಿ ತೊಯ್ದು ಹೋಗುತ್ತಿದ್ದುದರ ಹೊರತು ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಭಾನುವಾರ ಯಕ್ಷಗಾನದ ಧ್ವನಿಚಿತ್ರ ಮುದ್ರಣ, ಆಗಾಗ ಹೆಗ್ಗೋಡಿನ ನೀನಾಸಮ್ ಕಾರ್ಯಕ್ರಮಗಳ ವರದಿ, ಗುಡಿಗಾರರ ಶ್ರೀಗಂಧದ ಕೆತ್ತನೆಯ ಕುರಿತು ಒಂದು ಸರಣಿ. ಕೊನೆಯದನ್ನು ತುಂಬ ಪ್ರೀತಿಯಿಂದ ಮಾಡಿದ್ದೆವು. ಕೆತ್ತನೆಯವರ ಮನೆಯವರನ್ನು ಬಿಟ್ಟರೆ ಯಾರೂ ನೋಡಲಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ. ಕರ್ನಾಟಕದ ನೆಲದಲ್ಲಿ ಟಿ.ವಿ. ಮೊದಲು ಬೆಳಗಿದ್ದು ಬೆಂಗಳೂರಿನಲ್ಲಲ್ಲ, 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಉಪಗ್ರಹ ಪ್ರಯೋಗದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ, ಬೇಸಾಯ ಮತ್ತು ಆರೋಗ್ಯದ ಮಾಹಿತಿ ಹೊತ್ತು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಇದನ್ನು ಓದಿ ತಿಳಿದಾಗ ನಮ್ಮ ಪಟ್ಟಿಗೂ ಒಂದು ವಂಶಾವಳಿ ಇದೆಯೆಂದು ಸಮಾಧಾನವಾಗಿತ್ತು.

ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ನೇರಪ್ರಸಾರ ಮಾತ್ರ ಚಪ್ಪರಕ್ಕೆ ನಿಜವಾದ ಶೋಭೆ ತರುತ್ತಿತ್ತು. ಒಂಬತ್ತು ದಿನದ ಜಾತ್ರೆ. ಮೊದಲ ದಿನ ಅಮ್ಮನವರು ತವರುಮನೆಯಲ್ಲಿ, ರಾತ್ರಿ ಮೆರವಣಿಗೆಯಲ್ಲಿ ಗಂಡನ ಮನೆಗೆ. ನೇರಪ್ರಸಾರವೆಂದರೆ ಇಂದಿನ ಹಾಗೆ ಕಿಸೆಯಿಂದ ಫೋನ್ ತೆಗೆದು ಹಿಡಿಯುವುದಲ್ಲ. ನಮ್ಮ ತಂತಿಜಾಲ ಕಂಟ್ರೋಲ್ ರೂಮಿನಿಂದ ಮನೆಗಳ ಕಡೆಗೆ ಮಾತ್ರ ಹರಿಯುವ ನದಿ. ಚಿತ್ರವನ್ನು ಎದುರು ದಿಕ್ಕಿಗೆ ತರಬೇಕಾದರೆ ಬೇರೆ ತಂತಿಯೇ ಬೇಕು. ವಾರದ ಮೊದಲೇ ಹೆಂಚಿನ ಮಾಡು, ತಾರಸಿ, ಹಲಸಿನ ಮರಗಳ ಮೇಲೆ, ಪ್ರತಿ ಮನೆಯವರ ಒಪ್ಪಿಗೆ ಕೇಳುತ್ತ ಹೊಸ ತಂತಿ ಎಳೆಯುತ್ತಿದ್ದೆವು. 2008ರ ಜಾತ್ರೆಯಲ್ಲಿ ಮೂರು ಕ್ಯಾಮೆರಾ ಇಟ್ಟು, ದೇವಸ್ಥಾನದ ಪಕ್ಕದ ಅಂಗಡಿಯ ಹಲಗೆಯ ಮೇಲೆ ಮಿಕ್ಸರ್ ಕೂರಿಸಿ ನಡೆಸಿದೆವು. ಮೆರವಣಿಗೆ ಹೊರಡುವ ಹೊತ್ತಿಗೆ ಎಲ್ಲೋ ಒಂದು ಜಾಯಿಂಟಿಗೆ ಇಬ್ಬನಿ ಇಳಿದು ಚಿತ್ರದಲ್ಲಿ ಅಡ್ಡಗೆರೆಗಳು ಓಡತೊಡಗಿದವು. ಲೈನ್‌ಮನ್ ಹುಡುಗನೊಬ್ಬ ಕತ್ತಲೆಯಲ್ಲಿ ಮಾಡಿನ ಮೇಲೆ ತೆವಳುತ್ತ, ಒಂದೊಂದೇ ಜಾಯಿಂಟನ್ನು ಕೈಯಿಂದ ಒರೆಸಿ ನೋಡಿ, ಅದನ್ನು ಹುಡುಕಿ ತೆಗೆದ. ಆ ನಲವತ್ತು ನಿಮಿಷ ಚಿತ್ರವನ್ನು ನಂಬಲಾಗದೆ ಪಟ್ಟಿಯಲ್ಲೇ ಮೆರವಣಿಗೆ ಎಲ್ಲಿಗೆ ಬಂತೆಂದು ಬರೆಯುತ್ತ ಹೋದೆ. ಅದೇ ರಾತ್ರಿ ಕೆಂಪು ಅಂಗಿಯ ಪುಟ್ಟ ಹುಡುಗಿಯೊಬ್ಬಳು ಪೊಲೀಸರ ಬಳಿ ಇದ್ದಾಳೆಂದು ಚೀಟಿ ಬಂತು, ಹಾಕಿದೆ. ಮೈಕಿನಲ್ಲಿ ಕೂಗಿದ್ದರಿಂದಲೋ, ಹೋಟೆಲಿನ ಟಿ.ವಿ.ಯಲ್ಲಿ ನಮ್ಮ ಪಟ್ಟಿ ನೋಡಿದ್ದರಿಂದಲೋ, ಅವಳ ಅಪ್ಪ ಬಂದು ಕರೆದೊಯ್ದರು. ಎರಡನೆಯದೇ ಇರಬೇಕೆಂದು ನಾವು ಎಲ್ಲರಿಗೂ ಹೇಳಿಕೊಂಡು ತಿರುಗಿದೆವು.

ಚುನಾವಣೆಯ ಕಾಲದಲ್ಲಿ ಪಟ್ಟಿ ಬಡವಾಗುತ್ತಿತ್ತು. 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶವಾದ ಮೇಲೆ ರಾಜಕೀಯ ಜಾಹೀರಾತನ್ನು ಮೊದಲೇ ಸಮಿತಿಗೆ ತೋರಿಸಿ ಪ್ರಮಾಣಪತ್ರ ಪಡೆಯದೆ ಕೇಬಲ್‌ನಲ್ಲಿ ಹಾಕುವಂತಿರಲಿಲ್ಲ. ಮತದಾನಕ್ಕೆ ಮುಂಚಿನ 48 ಗಂಟೆಗಳಲ್ಲಿ ಪ್ರಚಾರದ ಮಾತೇ ಕೂಡದು. ಒಂದು ಸಾಲಿನ ವಿನಂತಿಗೂ ಶಿವಮೊಗ್ಗಕ್ಕೆ ಓಡಾಡಬೇಕಾದಾಗ ಅಭ್ಯರ್ಥಿಗಳ ಉತ್ಸಾಹ ತಾನಾಗಿಯೇ ಇಳಿಯುತ್ತಿತ್ತು. ನನಗಂತೂ ಅದರಿಂದ ನೆಮ್ಮದಿಯೇ ಆಗಿತ್ತು.

ಕೊನೆ ಬಂದದ್ದು ಡಿಜಿಟಲ್ ರೂಪದಲ್ಲಿ. ಬೆಂಗಳೂರು, ಮೈಸೂರುಗಳಿಗೆ 2013ರಲ್ಲೇ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಗಿತ್ತು. ನಮ್ಮಂಥ ಪಟ್ಟಣಗಳಿಗೆ 2015ರ ಕೊನೆಯ ದಿನವೆಂದು ಹೇಳಿದ್ದು, ತಕರಾರುಗಳಿಂದ ಮುಂದೆ ಹೋಗಿ, 2017ರ ಜನವರಿ ಕೊನೆಗೆ ನಿಂತಿತು. ಹಳ್ಳಿಗಳಿಗೆ ಅದೇ ವರ್ಷದ ಮಾರ್ಚ್ ಕೊನೆ. ಸಂಕೇತವನ್ನು ಗೂಢಲಿಪಿಗೊಳಿಸಿ ಕಳಿಸುವ ಯಂತ್ರೋಪಕರಣ ಒಬ್ಬ ಊರಿನ ಆಪರೇಟರನ ಕೈಗೆಟಕುವಂಥದ್ದಲ್ಲ. ಹಾಗಾಗಿ ಬೇರೆ ಊರಿನಲ್ಲಿ ಹೆಡ್‌ಎಂಡ್, ಅಂದರೆ ಎಲ್ಲ ಚಾನೆಲ್‌ಗಳನ್ನು ಒಟ್ಟುಮಾಡಿ ತಂತಿಗೆ ಬಿಡುವ ಕೇಂದ್ರ, ಇದ್ದ ದೊಡ್ಡ ಸಂಸ್ಥೆಯೊಂದರ ಕೊನೆಯ ತುಂಡಾಗಿ ನಾವು ಸೇರಿಕೊಂಡೆವು. ತಾರಸಿಯ ಡಿಶ್‌ಗಳನ್ನು ಗುಜರಿಯವನು ತೂಕದ ಲೆಕ್ಕದಲ್ಲಿ ಒಯ್ದ. ನಮ್ಮ ಚಾನೆಲ್ ಮೊದಲು ಆ ಊರಿಗೆ ಹೋಗಿ, ಅಲ್ಲಿಂದ ಉಳಿದ ನೂರಾರು ಚಾನೆಲ್‌ಗಳೊಂದಿಗೆ ಮರಳಿ ನಮ್ಮೂರಿಗೇ ಬರಬೇಕಾಯಿತು. ಆ ಪ್ರಯಾಣಕ್ಕೆ ತಿಂಗಳ ಬಾಡಿಗೆ ಬೇರೆ. ಕೆಳಗಿನ ಆವರ್ತನದ ಅನುಕೂಲ ಹೋಯಿತು, ಮೂರಂಕಿಯ ಸಂಖ್ಯೆಯೊಂದು ಬಂತು. ವಯಸ್ಸಾದವರಿಗೆ ಆ ಮೂರು ಗುಂಡಿಗಳನ್ನು ಒಂದರ ಹಿಂದೊಂದು ಒತ್ತುವುದೇ ಆಗುತ್ತಿರಲಿಲ್ಲ. ಮೊಮ್ಮಕ್ಕಳು ಶಾಲೆಯಿಂದ ಬರುವ ತನಕ ಕಾಯುತ್ತಿದ್ದರು.

ಚಿತ್ರವೇನೋ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿತ್ತು, ಇದನ್ನು ಒಪ್ಪಬೇಕು. ಒತ್ತಕ್ಷರಗಳು ಬೀಳುತ್ತಿರಲಿಲ್ಲ. ಆದರೆ ಅದೇ ಸಂಕೇತ ಈಗ ಬೇರೆ ತಾಲ್ಲೂಕುಗಳಿಗೂ ಹೋಗುತ್ತಿದ್ದುದರಿಂದ, ಒಂದು ವಾರ್ಡಿನ ನೀರಿನ ಸುದ್ದಿ ಇಡೀ ಜಿಲ್ಲೆಗೆ ಯಾಕೆ ಎಂಬ ಪ್ರಶ್ನೆ ಅಲ್ಲಿಂದ ಬಂತು. ನ್ಯಾಯವಾದ ಪ್ರಶ್ನೆಯೇ. ಉತ್ತರ ಯೋಚಿಸುತ್ತಿರುವಾಗಲೇ, ಒಂದು ದಿನ ಹೆಡ್‌ಎಂಡಿನವರು ತಮ್ಮ ಬಾಕ್ಸಿನ ಜಾಹೀರಾತಿನ ಪಟ್ಟಿಯನ್ನು ಎಲ್ಲ ಸ್ಥಳೀಯ ಚಾನೆಲ್‌ಗಳ ಕೆಳಭಾಗಕ್ಕೆ ಅಂಟಿಸಿದರು. ಅದು ಸರಿಯಾಗಿ ನಮ್ಮ ಪಟ್ಟಿಯ ಮೇಲೆ ಕೂತಿತು. ನಮ್ಮ ಮಾನಿಟರಿನಲ್ಲಿ ಅಡಿಕೆ ದರ ಹೋಗುತ್ತಿತ್ತು, ಮನೆಗಳಲ್ಲಿ ಕಾಣುತ್ತಿದ್ದುದು ರೀಚಾರ್ಜ್ ಯೋಜನೆ. ಎರಡು ವಾರ ಪತ್ರ ಬರೆದೆವು, ಫೋನ್ ಮಾಡಿದೆವು. ಮೂರನೆಯ ವಾರ, ಜನರಿಂದ ಬರುತ್ತಿದ್ದ ಫೋನ್‌ಗಳೇ ನಿಂತಿವೆ ಎಂಬುದು ಗಮನಕ್ಕೆ ಬಂತು. ಅಡಿಕೆ ದರ ಅಷ್ಟರಲ್ಲಿ ವಾಟ್ಸಾಪ್ ಗುಂಪುಗಳಿಗೆ ಹೋಗಿಬಿಟ್ಟಿತ್ತು. 2018ರಲ್ಲಿ ನಾನು ಬಿಟ್ಟೆ. ವರ್ಷದೊಳಗೆ ಚಾನೆಲ್ ನಿಂತಿತು.

ಈಗ ನನ್ನದು ವಿಡಿಯೊ ಚಿತ್ರೀಕರಣದ ಸಣ್ಣ ಅಂಗಡಿ. 2023ರಲ್ಲಿ, ಹತ್ತಿರದ ಊರಿನಲ್ಲಿ ಸ್ವಂತ ಹೆಡ್‌ಎಂಡ್ ನಡೆಸುವ ಪರಿಚಯದವರೊಬ್ಬರು, ಸ್ಥಳೀಯ ಚಾನೆಲ್ ತೆರೆಯುವ ಅರ್ಜಿ ತುಂಬಿಸಿಕೊಡಲು ಕರೆದರು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಂಥ ಚಾನೆಲ್‌ಗಳಿಗೆ 'ಪ್ಲಾಟ್‌ಫಾರ್ಮ್ ಸರ್ವೀಸಸ್' ಎಂಬ ಹೆಸರಿಟ್ಟು ಮಾರ್ಗಸೂಚಿ ತಂದಿತ್ತು. ಒಂದು ಚಾನೆಲ್‌ಗೆ ಸಾವಿರ ರೂಪಾಯಿ ಶುಲ್ಕ, ಅಂತರ್ಜಾಲದಲ್ಲೇ ನೋಂದಣಿ. ಸ್ಥಳೀಯ ವಾರ್ತೆ ಬೇಕಿದ್ದರೆ ಕಂಪನಿಯಾಗಿ ನೋಂದಾಯಿಸಿರಬೇಕು. ಪ್ರಸಾರವಾದದ್ದನ್ನೆಲ್ಲ 90 ದಿನ ಮುದ್ರಿಸಿ ಇಟ್ಟಿರಬೇಕು. ಅಂಚೆ ಕಚೇರಿಯ ಸಾಲು ತಪ್ಪಿತಲ್ಲ ಎಂದುಕೊಂಡೆ. ಮುಂದಿನ ಸಾಲಿನಲ್ಲಿ, ಇಂಥ ಚಾನೆಲ್‌ನ ಪರದೆಯ ಮೇಲೆ 'ಪ್ಲಾಟ್‌ಫಾರ್ಮ್ ಸರ್ವೀಸಸ್' ಎಂಬ ಬರಹ ಇರಲೇಬೇಕೆಂದಿತ್ತು. ಅವರ ಹುಡುಗ ಅದಾಗಲೇ ಕಂಪ್ಯೂಟರಿನಲ್ಲಿ ಆ ಬರಹವನ್ನು ದೊಡ್ಡದಾಗಿ, ಪರದೆಯ ಕೆಳಭಾಗದಲ್ಲಿ, ಈ ತುದಿಯಿಂದ ಆ ತುದಿಯವರೆಗೆ ಹಾಕಿ ತೋರಿಸಿದ. ಅದನ್ನು ಚಿಕ್ಕದು ಮಾಡಿ ಮೇಲಿನ ಎಡ ಮೂಲೆಗೆ ತೆಗೆದುಕೊಂಡು ಹೋಗಲು ಹೇಳಿದೆ. ಕೆಳಗೆ ಖಾಲಿ ಬಿಟ್ಟರೆ ಅಲ್ಲೇನು ಹಾಕುವುದೆಂದು ಅವನು ಕೇಳಿದ. ನಿಮ್ಮೂರಿನ ಸಂತೆ ಯಾವ ವಾರ ಎಂದು ಕೇಳಿ, ಅವನ ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕೂತೆ.